ಹಾರ ಹಾಕಿ ಕಳಿಸಿದವರು ಮತ್ತೆ ಬಾಗಿಲಿಗೆ ಬಂದರೆ...

ಇನ್ನು ಆಡೋದಿಲ್ಲ ಅಂತ ಟೀವಿ ಕ್ಯಾಮೆರಾಗಳ ಮುಂದೆ ಗಳಗಳನೆ ಅತ್ತು, ನೋಡುತ್ತಿದ್ದವರ ಕಣ್ಣಲ್ಲೂ ನೀರು ತರಿಸಿ ಮನೆಗೆ ಹೋದ ಆಟಗಾರನೊಬ್ಬ ನಾಲ್ಕೇ ತಿಂಗಳಲ್ಲಿ ವಾಪಸ್ ಬಂದು ನನ್ನ ಜಾಗ ನನಗೆ ಕೊಡಿ ಅಂದರೆ ತಂಡದವರು ಏನು ಮಾಡಬೇಕು? ಅವನೇನು ಅಂತಿಂಥ ಆಟಗಾರನಲ್ಲ, ಹದಿನಾರು ವರ್ಷ ಆ ತಂಡದ ಮುಖವೇ ಆಗಿದ್ದವನು. ಅಷ್ಟರಲ್ಲಿ ಅವನ ಜಾಗದಲ್ಲಿ ಇನ್ನೊಬ್ಬ ಹುಡುಗನನ್ನು, ಇನ್ನು ಮುಂದೆ ನೀನೇ ಕಣಪ್ಪಾ ಅಂತ ಹೇಳಿ ಕೂರಿಸಿಯೂ ಆಗಿದೆ. 2008ರ ಬೇಸಿಗೆಯಲ್ಲಿ ಅಮೆರಿಕದ ಗ್ರೀನ್ ಬೇ ಪ್ಯಾಕರ್ಸ್ ಅನ್ನೋ ಫುಟ್‌ಬಾಲ್ ತಂಡ ಸಿಕ್ಕಿಹಾಕಿಕೊಂಡಿದ್ದು ಇಂಥಾ ಇಕ್ಕಟ್ಟಿನಲ್ಲಿ. ಆಟಗಾರನ ಹೆಸರು ಬ್ರೆಟ್ ಫಾರ್ವ್. (ಬರೆಯುವಾಗ 'ವ' ಮೊದಲು 'ರ' ಆಮೇಲೆ, ಹೇಳುವಾಗ ಮಾತ್ರ ತಿರುಗುಮುರುಗು. ಇದು ಅಮೆರಿಕದವರಿಗೂ ತಮಾಷೆಯ ವಿಷಯವೇ, ನಮಗೊಬ್ಬರಿಗೇ ಅಲ್ಲ.)

ಆ ಜುಲೈ ತಿಂಗಳಲ್ಲಿ ನಮ್ಮ ಆಫೀಸಿನ ಕಾಫಿ ಮೆಷೀನ್ ಹತ್ತಿರ ಬೇರೆ ಮಾತೇ ಇರಲಿಲ್ಲ. ಫುಟ್‌ಬಾಲ್ ಅಂದರೆ ಮೂಗು ಮುರಿಯುವವರೂ ಒಂದು ಪಾರ್ಟಿ ಸೇರಿಕೊಂಡಿದ್ದರು. ಅಷ್ಟು ದೊಡ್ಡ ಮನುಷ್ಯನಿಗೆ ಇಲ್ಲ ಅನ್ನೋದೇ ಅಂತ ಒಂದು ಗುಂಪು, ಹೋದವನು ಹೋದ ಬಿಡಿ ಅಂತ ಇನ್ನೊಂದು ಗುಂಪು. ನಾನು ಆಗಲೂ ಎರಡನೇ ಗುಂಪಿನವನೇ, ಈಗಲೂ ಅಲ್ಲೇ ಇದ್ದೇನೆ. ಆದರೆ ನನ್ನ ಗುಂಪಿನವರು ಇವತ್ತು ಕೊಡುವ ಕಾರಣ ಇದೆಯಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ಅವರು ಹೇಳೋದು ಇಷ್ಟೇ: ಆ ಹುಡುಗ ಮುಂದೆ ದೊಡ್ಡ ಆಟಗಾರನಾದ, ಕಪ್ ಗೆದ್ದ, ಆದ್ದರಿಂದ ಪ್ಯಾಕರ್ಸ್ ಮಾಡಿದ್ದು ಸರಿ. ಇದು ಲಾಟರಿ ಹೊಡೆದ ಮೇಲೆ ಟಿಕೆಟ್ ಕೊಂಡಿದ್ದನ್ನು ಬುದ್ಧಿವಂತಿಕೆ ಅಂದಂತೆ. 2008ರ ಜುಲೈನಲ್ಲಿ ಅದು ಯಾರಿಗೆ ಗೊತ್ತಿತ್ತು ಹೇಳಿ?

ಈ ಆಟ ನೋಡದವರಿಗೆ ಎರಡು ಮಾತು. ಹೆಸರು ಫುಟ್‌ಬಾಲ್ ಆದರೂ ಬಹುಪಾಲು ಕೈಯಲ್ಲೇ ಆಡುವ ಆಟ. ಕ್ವಾರ್ಟರ್‌ಬ್ಯಾಕ್ ಅಂದರೆ ಪ್ರತಿ ಸಲವೂ ಚೆಂಡನ್ನು ಕೈಗೆ ತೆಗೆದುಕೊಂಡು, ಎರಡು ಮೂರು ಸೆಕೆಂಡಿನೊಳಗೆ ಯಾರಿಗೆ ಎಸೆಯಬೇಕು ಅಂತ ತೀರ್ಮಾನ ಮಾಡುವವನು. ಅಷ್ಟರಲ್ಲಿ ಆನೆಯಂಥ ನಾಲ್ಕೈದು ಜನ ಅವನ ಮೇಲೆ ಬೀಳೋಕೆ ಓಡಿ ಬರುತ್ತಿರುತ್ತಾರೆ. ತಂಡದಲ್ಲಿ ಐವತ್ತಮೂರು ಜನ ಇದ್ದರೂ ಈ ಕೆಲಸಕ್ಕೆ ಮೈದಾನದಲ್ಲಿ ಇರೋನು ಒಬ್ಬನೇ. ನಮ್ಮ ಕ್ರಿಕೆಟ್ಟಿನ ಹಾಗೆ ಅವನು ಹತ್ತು ಓವರ್, ಇವನು ಹತ್ತು ಓವರ್ ಅಂತ ಹಂಚೋಕೆ ಬರೋದಿಲ್ಲ. ಒಬ್ಬ ಆಡಿದರೆ ಇನ್ನೊಬ್ಬ ಟೋಪಿ ಹಾಕಿಕೊಂಡು ಬೆಂಚಿನ ಹತ್ತಿರ ನಿಂತಿರಬೇಕು, ವರ್ಷಗಟ್ಟಲೆ.

ಫಾರ್ವ್ ಆ ಜಾಗವನ್ನು ಹಿಡಿದ ಕಥೆಯೇ ಸ್ವಾರಸ್ಯವಾಗಿದೆ. 1991ರಲ್ಲಿ ಅಟ್ಲಾಂಟಾ ತಂಡ ಅವನನ್ನು ತೆಗೆದುಕೊಂಡು, ಒಂದು ವರ್ಷ ಮೂಲೆಯಲ್ಲಿ ಕೂರಿಸಿ, 1992ರಲ್ಲಿ ಗ್ರೀನ್ ಬೇಗೆ ದಾಟಿಸಿತು. ಅಲ್ಲಿ ಡಾನ್ ಮಜ್‌ಕೌಸ್ಕಿ ಅನ್ನೋ ಜನಪ್ರಿಯ ಕ್ವಾರ್ಟರ್‌ಬ್ಯಾಕ್ ಇದ್ದ. ಆ ಸೆಪ್ಟೆಂಬರಿನಲ್ಲಿ ಅವನ ಕಾಲು ಉಳುಕಿತು, ಫಾರ್ವ್ ಒಳಗೆ ಬಂದ, ಸೋಲುತ್ತಿದ್ದ ಪಂದ್ಯವನ್ನು ಕೊನೆಯ ಕ್ಷಣದಲ್ಲಿ ಗೆಲ್ಲಿಸಿದ. ಮುಂದಿನ ವಾರದಿಂದ ಶುರುವಾಗಿ 2007ರ ಸೀಸನ್ ಮುಗಿಯುವ ತನಕ ಲೀಗಿನ ಒಂದೇ ಒಂದು ಪಂದ್ಯ ತಪ್ಪಿಸಲಿಲ್ಲ, ಸತತ 253! ಬೆರಳು ಮುರಿದರೂ ಆಡಿದ. 2003ರ ಡಿಸೆಂಬರಿನಲ್ಲಿ ಅಪ್ಪ ತೀರಿಕೊಂಡ ಮರುದಿನವೇ ಓಕ್‌ಲ್ಯಾಂಡಿನಲ್ಲಿ ಆಡಿ 399 ಗಜ ಎಸೆದ. ಆವತ್ತು ಎದುರಾಳಿ ತಂಡದ ಅಭಿಮಾನಿಗಳೂ ಚಪ್ಪಾಳೆ ತಟ್ಟಿದರು. 1995, 96, 97, ಮೂರು ವರ್ಷ ಸತತವಾಗಿ ಲೀಗಿನ ಅತ್ಯುತ್ತಮ ಆಟಗಾರ (ಮೂರನೇ ಸಲ ಬ್ಯಾರಿ ಸ್ಯಾಂಡರ್ಸ್ ಜೊತೆ ಪಾಲು). 1997ರ ಜನವರಿಯಲ್ಲಿ ಸೂಪರ್ ಬೌಲ್.

ಮಜ್‌ಕೌಸ್ಕಿ ಏನಾದ ಅಂತ ಕೇಳಿದಿರಾ? ಅವನ ಜಾಗ ಅವನಿಗೆ ಮತ್ತೆ ಸಿಗಲೇ ಇಲ್ಲ, ಆ ವರ್ಷ ಮುಗಿದ ಮೇಲೆ ಊರು ಬಿಟ್ಟ. ಆಗ ಇದು ಅನ್ಯಾಯ ಅಂತ ಯಾರೂ ಮೆರವಣಿಗೆ ಹೊರಡಲಿಲ್ಲ.

ಊರಿನ ಬಗ್ಗೆಯೂ ಹೇಳಬೇಕು. ಗ್ರೀನ್ ಬೇ ಅಂದರೆ ಹೆಚ್ಚು ಕಡಿಮೆ ಒಂದು ಲಕ್ಷ ಜನರ ಊರು, ಚಳಿಗಾಲದಲ್ಲಿ ಮೂಗಿನ ತುದಿ ಹೆಪ್ಪುಗಟ್ಟುವಂಥ ಜಾಗ. ಎನ್‌ಎಫ್‌ಎಲ್‌ನಲ್ಲಿ ಮಿಕ್ಕ ತಂಡಗಳಿಗೆಲ್ಲ ಕೋಟ್ಯಧಿಪತಿ ಯಜಮಾನರಿದ್ದರೆ ಇದಕ್ಕೆ ಮಾತ್ರ ಜನರೇ ಯಜಮಾನರು. 1923ರಿಂದ ಷೇರು ಮಾರಿಕೊಂಡೇ ಬದುಕಿದ ತಂಡ ಇದು. 2008ರ ಹೊತ್ತಿಗೆ ಷೇರುದಾರರು ಒಂದು ಲಕ್ಷಕ್ಕೂ ಹೆಚ್ಚು. ಆ ಷೇರಿಗೆ ಡಿವಿಡೆಂಡ್ ಇಲ್ಲ, ಲಾಭಕ್ಕೆ ಮಾರುವ ಹಾಗಿಲ್ಲ, ಗೋಡೆಗೆ ಫ್ರೇಮ್ ಹಾಕಿಸಿ ನೇತು ಹಾಕಬಹುದು ಅಷ್ಟೆ! ಇಂಥಾ ಊರಿನಲ್ಲಿ ಫಾರ್ವ್ ಅಂದರೆ ನೌಕರನಲ್ಲ, ಮನೆಮಗ. ಮನೆಮಗ ಬಾಗಿಲು ತಟ್ಟಿದರೆ ಚಿಲಕ ತೆಗೆಯೋದಿಲ್ಲ ಅನ್ನೋದು ಯಾರಿಗೆ ತಾನೇ ಸುಲಭ?

ಇನ್ನು ಆ ಹುಡುಗ, ಆರನ್ ರಾಜರ್ಸ್. 2005ರಲ್ಲಿ ಹೊಸಬರನ್ನು ಆರಿಸುವ ದಿನ ಮೊದಲ ಸಾಲಿನಲ್ಲೇ ಹೋಗ್ತಾನೆ ಅಂತ ಎಲ್ಲರೂ ಅಂದುಕೊಂಡಿದ್ದವನನ್ನು ಒಂದೊಂದೇ ತಂಡ ಬಿಟ್ಟು ಮುಂದೆ ಹೋಯಿತು. ಗಂಟೆಗಟ್ಟಲೆ ಕೂತ, ಕ್ಯಾಮೆರಾ ಅವನ ಮುಖವನ್ನೇ ತೋರಿಸುತ್ತಿತ್ತು. ಕೊನೆಗೆ 24ನೆಯವನಾಗಿ ಗ್ರೀನ್ ಬೇ ತೆಗೆದುಕೊಂಡಿತು. ಆಮೇಲೆ ಮೂರು ವರ್ಷ ಫಾರ್ವ್ ಹಿಂದೆ ಕೂತಿದ್ದ. ಅದರಲ್ಲೂ ಪ್ರತಿ ವರ್ಷ ಸೀಸನ್ ಮುಗಿದ ಮೇಲೆ ಒಂದು ನಾಟಕ: ಫಾರ್ವ್ ಈ ಸಲ ನಿಲ್ಲಿಸ್ತಾನಾ, ಇಲ್ಲವಾ? ಅವನು ಮಿಸಿಸಿಪ್ಪಿಯ ತನ್ನ ಜಮೀನಿನಲ್ಲಿ ಹುಲ್ಲು ಕತ್ತರಿಸುತ್ತಾ ಯೋಚನೆ ಮಾಡೋದು, ಇಲ್ಲಿ ಇಡೀ ತಂಡ ಫೋನಿನ ಪಕ್ಕ ಕೂತಿರೋದು. ಒಂದು ವರ್ಷ ಚೆನ್ನ, ಎರಡು ವರ್ಷ ಚೆನ್ನ...

ಹಾಗಂತ 2007ರಲ್ಲಿ ಫಾರ್ವ್ ಕಳಪೆ ಆಡಿದ ಅಂತ ಯಾರೂ ಹೇಳೋ ಹಾಗಿಲ್ಲ. ಪ್ಯಾಕರ್ಸ್ 16ರಲ್ಲಿ 13 ಪಂದ್ಯ ಗೆದ್ದಿದ್ದರು. 2008ರ ಜನವರಿ 20, ಸೂಪರ್ ಬೌಲಿಗೆ ಒಂದೇ ಮೆಟ್ಟಿಲು ಬಾಕಿ, ಕೊರೆಯುವ ಚಳಿಯಲ್ಲಿ ನ್ಯೂಯಾರ್ಕ್ ಜೈಂಟ್ಸ್ ಎದುರು ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಫಾರ್ವ್ ಎಸೆದ ಚೆಂಡು ನೇರವಾಗಿ ಎದುರಾಳಿ ಕೋರಿ ವೆಬ್‌ಸ್ಟರ್ ಕೈಗೆ. ಜೈಂಟ್ಸ್ ಗೆದ್ದರು, 23-20. ಗ್ರೀನ್ ಬೇ ಅಂಗಿ ತೊಟ್ಟು ಅವನು ಎಸೆದ ಕೊನೆಯ ಚೆಂಡು ಅದು.

ಮಾರ್ಚ್ 4ಕ್ಕೆ ನಿವೃತ್ತಿಯ ಸುದ್ದಿ, 6ಕ್ಕೆ ಅಳುವಿನ ಪತ್ರಿಕಾಗೋಷ್ಠಿ. ಅಲ್ಲಿ ಅವನು ಹೇಳಿದ್ದರ ಸಾರ ಇಷ್ಟು: ಆಡೋಕೆ ಆಗುತ್ತೆ, ಆದರೆ ಮನಸ್ಸಿಲ್ಲ. ನನಗೇನೋ ಅದು ಪ್ರಾಮಾಣಿಕವಾದ ಮಾತು ಅಂತಲೇ ಅನ್ನಿಸಿತ್ತು. ಆದರೆ ಆ ತಿಂಗಳು ಮುಗಿಯುವಷ್ಟರಲ್ಲೇ ಮನಸ್ಸು ಹೊಯ್ದಾಡಿತು. ವಾಪಸ್ ಬರ್ತೀನಿ ಅಂದ, ಕೋಚ್ ಮೈಕ್ ಮೆಕಾರ್ಥಿ ಮತ್ತು ಜನರಲ್ ಮ್ಯಾನೇಜರ್ ಟೆಡ್ ಥಾಮ್ಸನ್ ವಿಮಾನ ಹತ್ತಿ ಮಿಸಿಸಿಪ್ಪಿಗೆ ಹೋಗೋಕೆ ತಯಾರಾದರು, ಅಷ್ಟರಲ್ಲಿ ಬೇಡ, ನಿವೃತ್ತಿಯೇ ಸರಿ ಅಂದುಬಿಟ್ಟ. ಜನ ಈ ಪ್ರಸಂಗ ಮರೆತುಬಿಡ್ತಾರೆ. ಅಂದರೆ ಮಾರ್ಚಿನಲ್ಲಿ ಪ್ಯಾಕರ್ಸ್ ಬಾಗಿಲು ತೆಗೆದೇ ಇತ್ತು!

ಆಮೇಲೆ ತಂಡದವರು ಅವನ ಮಾತನ್ನು ಮಾತು ಅಂತಲೇ ತೆಗೆದುಕೊಂಡರು. ನನ್ನ ವಾದವೆಲ್ಲ ನಿಂತಿರೋದು ಇದರ ಮೇಲೆಯೇ. ಏಪ್ರಿಲ್‌ನಲ್ಲಿ ಬ್ರಯನ್ ಬ್ರೋಮ್, ಮ್ಯಾಟ್ ಫ್ಲಿನ್ ಅಂತ ಇಬ್ಬರು ಹೊಸ ಕ್ವಾರ್ಟರ್‌ಬ್ಯಾಕ್‌ಗಳನ್ನು ಆರಿಸಿಕೊಂಡರು. ರಾಜರ್ಸ್‌ಗೆ ಹೊಂದುವ ಹಾಗೆ ಆಟದ ಯೋಜನೆ ಬರೆದರು. ಚೆಂಡು ಹಿಡಿಯುವವರೆಲ್ಲ ಏಪ್ರಿಲ್, ಮೇ, ಜೂನ್ ಅವನ ಜೊತೆ ಪ್ರಾಕ್ಟೀಸ್ ಮಾಡಿದರು. ಕ್ವಾರ್ಟರ್‌ಬ್ಯಾಕ್ ಚೆಂಡು ಬಿಡುವ ಹೊತ್ತಿಗೆ ಹಿಡಿಯುವವನು ಇನ್ನೂ ತಿರುಗಿಯೇ ಇರೋದಿಲ್ಲ, ಇಬ್ಬರಿಗೂ ಒಬ್ಬರ ಹೆಜ್ಜೆ ಒಬ್ಬರಿಗೆ ಗೊತ್ತಿರಬೇಕು. ಸುಮ್ಮನೆ ಬಂದು ನಿಂತರೆ ಆಗುವ ಕೆಲಸವಲ್ಲ. ಜುಲೈ 11ಕ್ಕೆ ಫಾರ್ವ್‌ನಿಂದ ಕಾಗದ ಬಂತು: ನನ್ನನ್ನು ಬಿಡುಗಡೆ ಮಾಡಿ, ಬೇರೆ ಕಡೆಯಾದರೂ ಆಡ್ತೀನಿ. ಬೇರೆ ಕಡೆ ಅಂದರೆ ಎಲ್ಲಿ? ಪಕ್ಕದ ರಾಜ್ಯದ ಮಿನೆಸೋಟ ವೈಕಿಂಗ್ಸ್ ಅಂತ ಊರಿಗೆಲ್ಲ ಗೊತ್ತಿತ್ತು. ಪ್ಯಾಕರ್ಸ್‌ಗೆ ವರ್ಷಕ್ಕೆ ಎರಡು ಸಲ ಎದುರು ನಿಲ್ಲುವ ಬದ್ಧ ವೈರಿ.

*

ಆಗ ಎಲ್ಲರೂ ಕೊಟ್ಟ ಸಲಹೆ ಒಂದಿತ್ತು. ಇಬ್ಬರನ್ನೂ ಕರೆಸಿ, ಪೈಪೋಟಿ ಇಡಿ, ಗೆದ್ದವನು ಆಡಲಿ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ಲವೇ? ನನಗೆ ಅದು ಎಲ್ಲಕ್ಕಿಂತ ದೊಡ್ಡ ಮೋಸ ಅನ್ನಿಸುತ್ತೆ. ಇಪ್ಪತ್ನಾಲ್ಕು ವರ್ಷದ, ಲೀಗಿನಲ್ಲಿ ಒಂದು ಪಂದ್ಯವನ್ನೂ ಶುರುಮಾಡದ ಹುಡುಗ ಒಂದು ಕಡೆ. ಇನ್ನೊಂದು ಕಡೆ ಊರಿನ ರಸ್ತೆಗೆ ಹೆಸರಿಟ್ಟು ಪೂಜೆ ಮಾಡಿದ ದೇವರು. ಹುಡುಗ ಪ್ರಾಕ್ಟೀಸಿನಲ್ಲಿ ಒಂದು ಚೆಂಡು ತಪ್ಪು ಎಸೆದರೆ ನೋಡಿ ನೋಡಿ ಅಂತ ಸಾವಿರ ಬೆರಳು ಏಳುತ್ತವೆ. ದೇವರು ಎಸೆದರೆ, ಪಾಪ, ಈಗ ತಾನೇ ಬಂದಿದ್ದಾನೆ, ಕೈ ಕುದುರಬೇಕು ಅನ್ನುತ್ತಾರೆ. ತೀರ್ಪು ಮೊದಲೇ ಬರೆದಿಟ್ಟು ವಿಚಾರಣೆ ನಡೆಸಿದ ಹಾಗೆ. ಅಕಸ್ಮಾತ್ ಹುಡುಗನೇ ಗೆದ್ದ ಅನ್ನಿ, ಮೊದಲ ಸೋಲಿನ ದಿನ ಸ್ಟೇಡಿಯಂನಲ್ಲಿ ಎಪ್ಪತ್ತು ಸಾವಿರ ಜನ ಬೆಂಚಿನ ಕಡೆ ತಿರುಗಿ ಯಾರ ಹೆಸರು ಕೂಗುತ್ತಿದ್ದರು? ಸಂಬಂಧಿಕರ ಮನೆಯ ಹುಡುಗಿ ಹೇಗಿದ್ದರೂ ಒಪ್ಪಿಗೆ ಅಂತ ತೀರ್ಮಾನ ಮಾಡಿಕೊಂಡು, ಊರೂರು ಸುತ್ತಿ ಹೆಣ್ಣು ನೋಡಿ ಉಪ್ಪಿಟ್ಟು ತಿಂದು ಬರುವವರನ್ನು ನೀವು ನೋಡಿಲ್ಲವೇ, ಹಾಗೆ.

ಇದು ಊಹೆಯ ಮಾತೂ ಅಲ್ಲ. ಆಗಸ್ಟ್ 3ರಂದು ಲ್ಯಾಂಬೋ ಫೀಲ್ಡಿನಲ್ಲಿ ಅಭಿಮಾನಿಗಳ ಎದುರು ಪ್ರಾಕ್ಟೀಸ್ ಪಂದ್ಯ. ಅದೇ ಸಂಜೆ ಫಾರ್ವ್ ವಿಮಾನ ಊರಿಗೆ ಬಂದಿಳಿಯಿತು, ನಿಲ್ದಾಣದ ಬೇಲಿಗೆ ಜನ ಜೋತುಬಿದ್ದಿದ್ದರು. ಇತ್ತ ರಾಜರ್ಸ್ ಮೈದಾನದಲ್ಲಿ ತನ್ನದೇ ಊರಿನ ಜನರಿಂದ ಛೀಮಾರಿ ಹಾಕಿಸಿಕೊಳ್ಳುತ್ತಿದ್ದ. ಚಪ್ಪಾಳೆಯೂ ಇತ್ತು, ಇರಲಿಲ್ಲ ಅಂತಲ್ಲ. ಆದರೆ ಸೀಸನ್ನೇ ಶುರುವಾಗಿಲ್ಲ, ಅವನು ಮಾಡಿದ ತಪ್ಪಾದರೂ ಏನು? ಕೆಲಸ ಕೊಟ್ಟರು, ಒಪ್ಪಿಕೊಂಡ. ಆ ಇಡೀ ಗಲಾಟೆಯಲ್ಲಿ ಮಾತಿಗೆ ತಪ್ಪದ ಒಬ್ಬನೇ ಒಬ್ಬ ಅವನು.

ಪ್ಯಾಕರ್ಸ್ ಆಡಳಿತದವರು ಸತ್ಯಹರಿಶ್ಚಂದ್ರರೇನಲ್ಲ. ಪತ್ರಿಕೆಗಳಲ್ಲಿ ಬಂದ ಪ್ರಕಾರ ನಿವೃತ್ತಿಯಲ್ಲೇ ಇದ್ದುಬಿಡು, ಪ್ರಚಾರದ ಕೆಲಸಕ್ಕೆ ಅಂತ ಹತ್ತು ವರ್ಷಕ್ಕೆ ಎರಡು ಕೋಟಿ ಡಾಲರ್‌ಗೂ ಹೆಚ್ಚು ಕೊಡ್ತೀವಿ ಅನ್ನೋ ಪ್ರಸ್ತಾಪ ಹೋಗಿತ್ತು. ಇದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ನೀನು ಬೇಡ ಅನ್ನೋದು ಕಹಿಯಾದರೂ ಗೌರವದ ಮಾತು, ದುಡ್ಡು ತಗೊಂಡು ಸುಮ್ಮನಿರು ಅನ್ನೋದು ಅವಮಾನ. ಜೊತೆಗೆ ವೈಕಿಂಗ್ಸ್ ನಮ್ಮ ಆಟಗಾರನ ಜೊತೆ ಕದ್ದು ಮಾತಾಡಿದ್ದಾರೆ ಅಂತ ಲೀಗಿಗೆ ದೂರು ಬೇರೆ (ಅದು ನಿಲ್ಲಲಿಲ್ಲ). ಕೊನೆಗೆ ಲೀಗಿನ ಕಮಿಷನರ್ ರಾಜರ್ ಗುಡೆಲ್ ಫಾರ್ವ್‌ನನ್ನು ಮತ್ತೆ ಪಟ್ಟಿಗೆ ಸೇರಿಸಿದ, ಮೆಕಾರ್ಥಿ ಮತ್ತು ಫಾರ್ವ್ ಗಂಟೆಗಟ್ಟಲೆ ಕೂತು ಮಾತಾಡಿದರು, ಮನಸ್ಸು ಒಡೆದದ್ದು ಕೂಡಲಿಲ್ಲ. ಆಗಸ್ಟ್ 6ರ ರಾತ್ರಿ ಅವನನ್ನು ನ್ಯೂಯಾರ್ಕ್ ಜೆಟ್ಸ್‌ಗೆ ದಾಟಿಸಿದರು. ಕರಾರು ಹೇಗಿತ್ತು ಗೊತ್ತಾ? ಜೆಟ್ಸ್‌ನವರು ಅವನನ್ನು ವೈಕಿಂಗ್ಸ್‌ಗೆ ಮಾರಿದರೆ ಪ್ಯಾಕರ್ಸ್‌ಗೆ ಮೂರು ವರ್ಷದ ಮೊದಲ ಸುತ್ತಿನ ಆಯ್ಕೆಗಳನ್ನು ಕೊಡಬೇಕು! ಇಷ್ಟು ಮುನ್ನೆಚ್ಚರಿಕೆ ನಮ್ಮೂರಲ್ಲಿ ಜಮೀನಿನ ಪತ್ರದಲ್ಲೂ ಬರೆಸೋದಿಲ್ಲ.

ಬಾಗಿಲು ತೆಗೆದವರ ಕಥೆ ಏನಾಯಿತು ಅನ್ನೋದು ನನಗೆ ಗ್ರೀನ್ ಬೇ ಕಥೆಗಿಂತ ಹೆಚ್ಚು ಪಾಠದ್ದು. ಜೆಟ್ಸ್‌ನಲ್ಲಿ ಚಾಡ್ ಪೆನಿಂಗ್ಟನ್ ಅಂತ ಒಬ್ಬ ಇದ್ದ. ಅಬ್ಬರ ಇಲ್ಲ, ತೋಳಿನಲ್ಲಿ ಅಂಥಾ ಬಲವೂ ಇಲ್ಲ, ತಲೆ ಮಾತ್ರ ಚುರುಕು. ಫಾರ್ವ್ ಬಂದ, ಪೆನಿಂಗ್ಟನ್‌ನನ್ನು ಮನೆಗೆ ಕಳಿಸಿದರು. ಹಿಂದಿನ ವರ್ಷ 16ರಲ್ಲಿ ಒಂದೇ ಪಂದ್ಯ ಗೆದ್ದಿದ್ದ ಮಯಾಮಿ ಡಾಲ್ಫಿನ್ಸ್ ಅವನನ್ನು ಕರೆದುಕೊಂಡಿತು. ಜೆಟ್ಸ್ ಮೊದಲ ಹನ್ನೊಂದರಲ್ಲಿ ಎಂಟು ಗೆದ್ದಾಗ ನ್ಯೂಯಾರ್ಕ್ ಕುಣಿದಾಡಿತು. ಆಮೇಲೆ ಮೂವತ್ತೊಂಬತ್ತರ ತೋಳು ಸೋತಿತು, ಕೊನೆಯ ಐದರಲ್ಲಿ ನಾಲ್ಕು ಸೋಲು. ಆ ವರ್ಷ ಎದುರಾಳಿಗಳ ಕೈಗೆ ಚೆಂಡು ಕೊಟ್ಟವರಲ್ಲಿ ಫಾರ್ವೇ ಮೊದಲಿಗ, 22 ಸಲ. ಡಿಸೆಂಬರ್ 28, ಕೊನೆಯ ಪಂದ್ಯ, ಜೆಟ್ಸ್ ಎದುರು ಬಂದದ್ದು ಯಾರು? ಮಯಾಮಿ, ಅದರ ಕ್ವಾರ್ಟರ್‌ಬ್ಯಾಕ್ ಪೆನಿಂಗ್ಟನ್. ಜೆಟ್ಸ್‌ನ ಸ್ವಂತ ಮೈದಾನದಲ್ಲೇ 24-17ಕ್ಕೆ ಗೆದ್ದು ಅವನು ತನ್ನ ಗುಂಪಿನ ಚಾಂಪಿಯನ್ ಆದ, ಜೆಟ್ಸ್ ಹೊರಗೆ. ಸಿನಿಮಾದಲ್ಲಿ ತೋರಿಸಿದರೆ ಅತಿಯಾಯಿತು ಅಂತ ನಾವೇ ಎದ್ದು ಬರ್ತೀವಿ.

ಆದರೆ ಆ ವರ್ಷ ಗ್ರೀನ್ ಬೇಯಲ್ಲೂ ಹಬ್ಬವೇನೂ ಇರಲಿಲ್ಲ. ರಾಜರ್ಸ್ ಚೆನ್ನಾಗಿಯೇ ಆಡಿದ, ನಾಲ್ಕು ಸಾವಿರ ಗಜ ದಾಟಿಸಿದ, ಆದರೂ ತಂಡ 6 ಗೆದ್ದು 10 ಸೋತಿತು. ಥಾಮ್ಸನ್‌ನ ತಲೆ ಬೇಕು ಅಂದವರೇ ಎಲ್ಲೆಲ್ಲೂ. ಆವತ್ತಿನ ಲೆಕ್ಕ ನೋಡಿ ತೀರ್ಪು ಕೊಡೋದಾದರೆ ಪ್ಯಾಕರ್ಸ್ ಮಾಡಿದ್ದು ಶುದ್ಧ ತಪ್ಪು! 2009ರಲ್ಲಿ ಇನ್ನೂ ತಮಾಷೆ. ಫಾರ್ವ್ ಫೆಬ್ರವರಿಯಲ್ಲಿ ಮತ್ತೆ ನಿವೃತ್ತನಾಗಿ, ಆಗಸ್ಟಿನಲ್ಲಿ ಮತ್ತೆ ಎದ್ದು ಬಂದು, ಕೊನೆಗೂ ವೈಕಿಂಗ್ಸ್ ಸೇರಿದ. ಕೋಚ್ ಬ್ರ್ಯಾಡ್ ಚಿಲ್ಡ್ರೆಸ್ ಖುದ್ದು ವಿಮಾನ ನಿಲ್ದಾಣಕ್ಕೆ ಕಾರು ತಗೊಂಡು ಹೋಗಿದ್ದ, ಬೀಗರನ್ನು ಕರೆತರುವ ಹಾಗೆ. ನಲವತ್ತು ತುಂಬಿದ ಆ ವರ್ಷ ಫಾರ್ವ್ ಎಂಥಾ ಆಟ ಆಡಿದ ಅಂತೀರಿ! 33 ಟಚ್‌ಡೌನ್, ತಪ್ಪು ಕೈಗೆ ಹೋದದ್ದು ಬರೀ 7. ಪ್ಯಾಕರ್ಸ್‌ನ್ನು ಎರಡು ಸಲವೂ ಸೋಲಿಸಿದ, ಒಂದು ಸಲ ಲ್ಯಾಂಬೋ ಫೀಲ್ಡಿನಲ್ಲೇ, ತಾನು ಹದಿನಾರು ವರ್ಷ ಆಡಿದ ಮೈದಾನದ ಜನರ ಬೈಗುಳದ ನಡುವೆ.

ಹಾಗಾಗಿ ಮುದುಕ ಖಾಲಿಯಾಗಿದ್ದ, ಅದಕ್ಕೇ ಬಿಟ್ಟರು ಅನ್ನೋ ವಾದವೂ ನಿಲ್ಲೋದಿಲ್ಲ. ಅವನಲ್ಲಿ ಆಟ ಇತ್ತು. ಇದ್ದೂ ಪ್ಯಾಕರ್ಸ್ ಇಲ್ಲ ಅಂದದ್ದೇ ಸರಿ ಅಂತ ನಾನು ಹೇಳ್ತಿರೋದು. ಒಂದು ಒಳ್ಳೆಯ ವರ್ಷಕ್ಕೋಸ್ಕರ, ಪ್ರತಿ ಫೆಬ್ರವರಿಯಿಂದ ಆಗಸ್ಟ್ ತನಕ ಒಬ್ಬನ ಮನಸ್ಸಿನ ಹವಾಮಾನ ನೋಡುತ್ತಾ ಕೂರುವ ತಂಡವಾಗೋದು ಬೇಡ ಅಂತ ಅವರು ತೀರ್ಮಾನ ಮಾಡಿದರು. ವೈಕಿಂಗ್ಸ್ ಆ ಬೆಲೆ ಕೊಟ್ಟರು. 2010ರ ಜನವರಿಯಲ್ಲಿ, ಮತ್ತೆ ಸೂಪರ್ ಬೌಲಿಗೆ ಒಂದೇ ಮೆಟ್ಟಿಲಿದ್ದಾಗ, ಗೆಲುವಿನ ಹತ್ತಿರ ಬಂದು ಫಾರ್ವ್ ಅಡ್ಡಕ್ಕೆ ಎಸೆದ ಚೆಂಡು ನ್ಯೂ ಓರ್ಲಿಯನ್ಸ್‌ನ ಟ್ರೇಸಿ ಪೋರ್ಟರ್ ಕೈ ಸೇರಿತು. ಆ ಬೇಸಿಗೆ ಮತ್ತೆ ಅದೇ ರಾಗ: ಬರ್ತಾನಾ, ಇಲ್ಲವಾ? ಈ ಸಲ ತಂಡದ ಮೂವರು ಆಟಗಾರರೇ ಮಿಸಿಸಿಪ್ಪಿಗೆ ಹಾರಿ ಮನವೊಲಿಸಿ ಕರೆತಂದರು. ಆ ನವೆಂಬರಿನಲ್ಲಿ ಪ್ಯಾಕರ್ಸ್ ಕೈಲಿ 31-3ಕ್ಕೆ ಸೋತ ಮರುದಿನ ಚಿಲ್ಡ್ರೆಸ್ ಕೆಲಸ ಹೋಯಿತು.

ನಮ್ಮ ಕಡೆಯ ಉದಾಹರಣೆ ಕೊಟ್ಟು ನನ್ನ ಜೊತೆ ಜಗಳಕ್ಕೆ ಬರುವವರಿದ್ದಾರೆ. 2002ರಲ್ಲಿ ಟೆಸ್ಟ್ ಕ್ರಿಕೆಟ್ಟಿಗೆ ವಿದಾಯ ಹೇಳಿದ್ದ ಮೈಸೂರಿನ ಜಾವಗಲ್ ಶ್ರೀನಾಥ್ ವಾಪಸ್ ಬರಲಿಲ್ಲವೇ, 2003ರ ವಿಶ್ವಕಪ್ಪಿನಲ್ಲಿ 16 ವಿಕೆಟ್ ತೆಗೆಯಲಿಲ್ಲವೇ ಅಂತ. ತೆಗೆದರು, ನಾನೂ ನಿದ್ದೆಗೆಟ್ಟು ನೋಡಿದವನೇ. ಆದರೆ ಅಲ್ಲಿ ಬನ್ನಿ ಅಂತ ಕರೆದದ್ದು ನಾಯಕ ಗಂಗೂಲಿ. ಶ್ರೀನಾಥ್ ಬಂದರು ಅಂತ ಜಹೀರ್ ಖಾನ್, ನೆಹ್ರಾ ಹೊರಗೆ ಕೂರಲಿಲ್ಲ, ಮೂವರೂ ಆಡಿದರು. ಕರೆದಾಗ ಬಂದು ಹೆಗಲು ಕೊಡೋದು ಬೇರೆ, ಒಬ್ಬನನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ಕೂರೋದು ಬೇರೆ. ವಾಪಸ್ ಬರೋದೇ ತಪ್ಪು ಅಂತ ನಾನೆಲ್ಲಿ ಹೇಳಿದೆ?

ಮುಂದಿನದು ಎಲ್ಲರಿಗೂ ಗೊತ್ತು, ಬೇಗ ಹೇಳಿ ಮುಗಿಸ್ತೀನಿ. 2011ರ ಫೆಬ್ರವರಿಯಲ್ಲಿ ರಾಜರ್ಸ್ ಗ್ರೀನ್ ಬೇಗೆ ಸೂಪರ್ ಬೌಲ್ ತಂದುಕೊಟ್ಟ. ಫಾರ್ವ್ ಜೊತೆಗಿನ ಮುನಿಸು ಕರಗೋಕೆ ಏಳು ವರ್ಷ ಬೇಕಾಯಿತು. 2015ರ ನವೆಂಬರಿನಲ್ಲಿ, ಮಳೆ ಸುರಿಯುತ್ತಿದ್ದ ಥ್ಯಾಂಕ್ಸ್‌ಗಿವಿಂಗ್ ರಾತ್ರಿ, ಲ್ಯಾಂಬೋ ಫೀಲ್ಡಿನಲ್ಲಿ ಅವನ 4ನೇ ನಂಬರನ್ನು ಎತ್ತರದಲ್ಲಿ ಬರೆಸಿ ಗೌರವ ಮಾಡಿದರು. ಅದೇ ಜನ, ಅದೇ ಕಣ್ಣೀರು. ಹಳೆಯ ದಿಗ್ಗಜ ಬಾರ್ಟ್ ಸ್ಟಾರ್ ಪಾರ್ಶ್ವವಾಯು ಬಡಿದ ಮೈಯಲ್ಲೂ ಬಂದಿದ್ದರು. ಆವತ್ತು ಪಂದ್ಯವನ್ನು ಮಾತ್ರ ಪ್ಯಾಕರ್ಸ್ ಸೋತರು.

ಇಷ್ಟಾದ ಮೇಲೆ 2020ರಲ್ಲಿ ಅದೇ ಪ್ಯಾಕರ್ಸ್, ರಾಜರ್ಸ್ ಇನ್ನೂ ಗಟ್ಟಿಮುಟ್ಟಾಗಿ ಇರುವಾಗಲೇ ಜೋರ್ಡನ್ ಲವ್ ಅನ್ನೋ ಹುಡುಗನನ್ನು ಮೊದಲ ಸುತ್ತಿನಲ್ಲಿ ಆರಿಸಿತು. ಅವನೂ ಮೂರು ವರ್ಷ ಬೆಂಚಿನಲ್ಲಿ ಕೂತ. ಆಮೇಲೆ ಬೇಸಿಗೆಗೊಂದು ಸಲ ಆಡ್ತೀನೋ ಬಿಡ್ತೀನೋ ಅಂತ ಯೋಚನೆ ಮಾಡುವ ಸರದಿ ರಾಜರ್ಸ್‌ದು! 2023ರ ಏಪ್ರಿಲ್‌ನಲ್ಲಿ ಅವನನ್ನು ದಾಟಿಸಿದ್ದು ಎಲ್ಲಿಗೆ ಅಂತೀರಿ? ನ್ಯೂಯಾರ್ಕ್ ಜೆಟ್ಸ್‌ಗೇ. ಅಲ್ಲಿ ಮೊದಲ ಪಂದ್ಯದ ನಾಲ್ಕನೇ ಆಟಕ್ಕೆ ಅವನ ಹಿಮ್ಮಡಿಯ ನರ ಹರಿದುಹೋಯಿತು, ಇತ್ತ ಲವ್ ಅದೇ ವರ್ಷ ಗ್ರೀನ್ ಬೇಯನ್ನು ಪ್ಲೇಆಫ್‌ಗೆ ಕರೆದುಕೊಂಡು ಹೋದ. ಜೆಟ್ಸ್‌ನವರಿಗೆ ಒಂದು ಸಲ ಆದದ್ದು ಸಾಲಲಿಲ್ಲವೇನೋ...